ಜಪಾನಿನ ಬಹುಮಾನವೂ ನನ್ನ ಇಂಗ್ಲಿಷೂ

ಇಂಗ್ಲಿಷ್ ನನಗೆ ಬರುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಈ ಎರಡರ ನಡುವೆ ಸ್ವಲ್ಪ ಜಾಗವಿರುತ್ತದೆ ನೋಡಿ ಮಕ್ಕಳೇ, ನನ್ನ ಮಾನ ಹೋದದ್ದು ಅಲ್ಲಿಯೇ.

ಟೀವಿಯಲ್ಲಿ ಇಂಗ್ಲಿಷ್ ಸಿನಿಮಾ ಬಂದಾಗ ನಾನು ಬಾಯಿ ತೆರೆದರೆ ಸಾಕು, ನಿಮ್ಮ ಅಪ್ಪ "ಅವ್ವಾ, ನೀನು ಮಾತ್ರ ಹೇಳಬ್ಯಾಡ" ಎಂದು ಯಾಕೆ ಕೈಮುಗಿಯುತ್ತಾನೆ ಎಂದು ಮೊನ್ನೆ ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆದುಕೊಡುತ್ತೇನೆ, ಓದಿಕೊಳ್ಳಿ. ನಿಮ್ಮಜ್ಜ ಇದ್ದಿದ್ದರೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಅವರು ಈ ಕಥೆ ಕೊಡುತ್ತಿದ್ದರು.

ನಾನು ತವರೂರು ಕೊಂಡಜ್ಜಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನಮ್ಮ ಮೇಷ್ಟ್ರು ಒಂದು ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಬೇಸರ ಬಂದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಕಲಿಸಿದ್ದರು. ಇಪ್ಪತ್ತಾರೂ ಬರುತ್ತಿದ್ದವು. ಅವನ್ನು ಜೋಡಿಸಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮದುವೆಯಾಗಿ ದಾವಣಗೆರೆಗೆ ಬಂದ ಹೊಸದರಲ್ಲಿ ಬಿಸ್ಕತ್ತಿನ ಡಬ್ಬಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಅತ್ತೆ ಆ ಸಂಜೆಯೇ ಓಣಿಗೆಲ್ಲ ಹೇಳಿಕೊಂಡು ಬಂದರು, ನಮ್ಮ ಸೊಸೆಗೆ ಇಂಗ್ಲಿಷ್ ಬರುತ್ತದೆ ಎಂದು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ವಿನಯ ಎಂದುಕೊಂಡರು.

ಆಗ ಮನೆಯಲ್ಲಿ ನಾವು ನಾಲ್ಕು ಜನ. ಅತ್ತೆ, ನಿಮ್ಮಜ್ಜ, ನಾನು, ನಿಮ್ಮಜ್ಜನ ತಮ್ಮ ಕೊಟ್ರೇಶಿ. ಕೊಟ್ರೇಶಿ ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲೇ ಬೆಳಗಾವಿಗೆ ಹೋಗಿ ಸೈನ್ಯ ಸೇರಿದವನು. ಊರವರು ಹಾರ ಹಾಕಿ, ಡೊಳ್ಳು ಬಾರಿಸಿ ರೈಲು ಹತ್ತಿಸಿದ್ದರಂತೆ. ದೊಡ್ಡ ಯುದ್ಧ ಮುಗಿದು ಜಪಾನ್ ಸೋತ ಮೇಲೆ ಆ ದೇಶವನ್ನು ಕಾಯಲು ಹೋದ ಪಡೆಗಳಲ್ಲಿ ನಮ್ಮವರೂ ಇದ್ದರು. ಅವರಲ್ಲಿ ಇವನೊಬ್ಬ. ವರ್ಷದ ಮೇಲೆ ಅಲ್ಲಿದ್ದು ಬಂದ. ಬರುವಾಗ ತಂದದ್ದು ಎರಡೇ ವಸ್ತು. ಒಂದು, ಕೋವಿ ಹಿಡಿದು ನಿಂತ ಫೋಟೋ. ಇನ್ನೊಂದು, ಅಂಗೈ ಅಗಲದ ಚಪ್ಪಟೆ ಮರದ ಹಲಗೆ. ಅದಕ್ಕೊಂದು ಹಿಡಿ, ಮೇಲೆ ಕಪ್ಪು ಶಾಯಿಯಲ್ಲಿ ಜಪಾನಿ ಬರಹ. ಇದೇನಪ್ಪಾ ಎಂದು ಅತ್ತೆ ಕೇಳಿದ್ದಕ್ಕೆ "ಕೊಟ್ರು" ಎಂದಷ್ಟೇ ಹೇಳಿದನಂತೆ. ಕೊಟ್ಟರು ಎಂದ ಮೇಲೆ ಬಹುಮಾನವೇ! ಅತ್ತೆ ಅದನ್ನು ಫೋಟೋದ ಪಕ್ಕದಲ್ಲಿ ತೂಗುಹಾಕಿ, ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಿದ್ದರು.

ಇಷ್ಟೆಲ್ಲ ಗೌರವವಿದ್ದರೂ ಕೊಟ್ರೇಶಿಗೆ ಹೆಣ್ಣು ಸಿಗುತ್ತಿರಲಿಲ್ಲ. ಮೂವತ್ತು ದಾಟಿತ್ತು. ಹತ್ತಿ ಗಿರಣಿಯಲ್ಲಿ ಕೆಲಸವಿತ್ತು, ಒಂದು ಚಟವಿರಲಿಲ್ಲ. ಆದರೆ ಬಂದ ಬೀಗರೆಲ್ಲರದೂ ಒಂದೇ ಪ್ರಶ್ನೆ. ಸಮುದ್ರ ದಾಟಿ ಹೋದವನು ಅಲ್ಲಿ ಏನು ತಿಂದ? ಏನು ಕುಡಿದ? ಕೊರಳಲ್ಲಿ ಲಿಂಗ ಉಳಿಯಿತೋ ಇಲ್ಲವೋ? ಕೊಟ್ರೇಶಿ ನೆಲ ನೋಡುತ್ತಾ "ಎಲ್ಲಾ ಸರಿ ಇತ್ರಿ" ಎನ್ನುತ್ತಿದ್ದ. ಆ ಧ್ವನಿ ಕೇಳಿದರೆ ಏನೂ ಸರಿ ಇರಲಿಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ನಾಲ್ಕು ಮನೆಯವರಿಗೆ ಹಾಗೇ ಅನ್ನಿಸಿತು. ಅತ್ತೆ ಉಕ್ಕಡಗಾತ್ರಿಯ ಮಠಕ್ಕೆ ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ಹರಕೆ ಹೊತ್ತು ಬಂದರು. ಇವನ ಮದುವೆಯಾಗುವವರೆಗೆ ಒಪ್ಪತ್ತು ಊಟ. ಮೂರು ವರ್ಷ ಹಾಗೇ ನಡೆಯಿತು. ಅವರು ರವಿಕೆಯ ತೋಳು ಜೋತುಬೀಳುವಷ್ಟು ಸೊರಗಿದ್ದರು. ರಾತ್ರಿ ನಾವು ಉಣ್ಣುವಾಗ ಅವರು ಬಡಿಸಿ ಸುಮ್ಮನೆ ಕೂರುವುದನ್ನು ನೋಡಿ ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

ಐದನೆಯದಾಗಿ ಹರಿಹರದ ಸಂಬಂಧ ಬಂತು. ಹುಡುಗಿ ಹಾಲಮ್ಮ. ನಾವು ಹೋಗಿ ನೋಡಿ ಒಪ್ಪಿದ್ದೆವು. ಅವಳ ಅಜ್ಜ ಚನ್ನಬಸಪ್ಪನವರು ನಾಲ್ಕಾರು ಹಿರಿಯರೊಂದಿಗೆ ನಮ್ಮ ಮನೆ ನೋಡಲು ಬಂದರು. ಅವರದು ಹೊಲವೂ ಉಂಟು, ಜೋಳದ ವ್ಯಾಪಾರವೂ ಉಂಟು. ಮಾತು ಕಡಿಮೆ, ಕಣ್ಣು ಚುರುಕು. ಗೋಡೆಯ ಮೇಲಿನ ಹಲಗೆ ನೋಡಿ ಅದೇನೆಂದು ಕೇಳಿದರು. ಅತ್ತೆ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನಾನು ಬಾಗಿಲ ಮರೆಯಿಂದ ಮೆಲ್ಲಗೆ, ಜಪಾನ್ ಸರ್ಕಾರ ಕೊಟ್ಟ ಬಹುಮಾನ ಎಂದೆ. ಮೇಲೆ ಏನು ಬರೆದಿದೆ ಎಂದರು. ಇಂಗ್ಲಿಷ್ ಬರುವವಳು ಎಂದು ಹೆಸರಾದ ಮೇಲೆ ಜಪಾನಿ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಶೂರ ಅಂತ ಬರೆದೈತ್ರಿ" ಎಂದೆ.

ಕೊಟ್ರೇಶಿಗೆ ಚಹಾ ನೆತ್ತಿಗೇರಿತು.

ಹಾಲಮ್ಮನ ಅಜ್ಜ ಆಮೇಲೆ ಎಂದಿನ ಪ್ರಶ್ನೆ ಕೇಳಿದರು. ಕೊಟ್ರೇಶಿ ಎಂದಿನ ಉತ್ತರ ಕೊಟ್ಟ. ಯೋಚನೆ ಮಾಡಿ ಹೇಳುತ್ತೇವೆ ಎಂದು ಅವರು ರೈಲಿಗೆ ಹೊರಟರು. ಹಿಂದಿನ ನಾಲ್ಕು ಮನೆಯವರೂ ಇನ್ನೂ ಯೋಚನೆ ಮಾಡುತ್ತಲೇ ಇದ್ದರು.

ಆ ವಾರವೇ ಪಕ್ಕದ ಮನೆಯ ಖಾಸಿಂ ಸಾಬರು ಸುದ್ದಿ ತಂದರು. ಅವರು ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದರು. ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಬರುತ್ತಿದೆ, ಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಮಿಲಿಟರಿಯವರದು, ನಿಮ್ಮ ಕೊಟ್ರೇಶಣ್ಣ ನೋಡಲೇಬೇಕು ಎಂದರು. ನಾನು ನೀರಿಗೆ ಹೋಗುವ ನೆಪದಲ್ಲಿ ಹೋಗಿ ಗೋಡೆಗೆ ಅಂಟಿಸಿದ್ದ ಚಿತ್ರ ನೋಡಿ ಬಂದೆ. ಜೆ, ಎ, ಪಿ, ಎ, ಎನ್. ನನ್ನ ಜೀವನದಲ್ಲಿ ಅಕ್ಷರಗಳು ಮೊದಲ ಸಲ ಕೂಡಿಕೊಂಡವು! ಆ ಸಂತೋಷದಲ್ಲಿ ತಲೆ ತಿರುಗಿತು ಎಂದೇ ಹೇಳಬೇಕು.

ಒಂದು ಮಾತು ನೀವು ತಿಳಿದಿರಬೇಕು. ಆಗ ಪ್ರತಿ ಸಿನಿಮಾಕ್ಕೆ ಮೊದಲು ಸರ್ಕಾರದ ಸುದ್ದಿಚಿತ್ರ ತೋರಿಸುತ್ತಿದ್ದರು. ಅಣೆಕಟ್ಟು, ಮಂತ್ರಿಗಳು, ಸೈನಿಕರ ಕವಾಯತು. ಅದೆಲ್ಲ ನಿಜ. ದೇವರ ಸಿನಿಮಾದ ದೇವರು ವೇಷ ಹಾಕಿದವರು ಎಂಬುದು ನಮಗೆ ಗೊತ್ತಿತ್ತು. ಆದರೆ ಪರದೆಯ ಮೇಲೆ ಸೈನ್ಯ ಕಂಡರೆ ಅದು ನಿಜವಾದ ಸೈನ್ಯ ಎಂಬುದು ನಮ್ಮ ಮನೆಯ ನಂಬಿಕೆ. ಆದ್ದರಿಂದ ನನಗೆ ಹೊಳೆದ ಉಪಾಯ ಹೀಗಿತ್ತು. ಹರಿಹರದವರನ್ನು ಕರೆಸುವುದು, ಜಪಾನಿನಲ್ಲಿ ಮಿಲಿಟರಿಯವರು ಎಷ್ಟು ಶಿಸ್ತಾಗಿ, ಎಷ್ಟು ಮಡಿಯಾಗಿ ಇದ್ದರು ಎಂಬುದನ್ನು ಕಣ್ಣಾರೆ ತೋರಿಸುವುದು, ಪ್ರಶ್ನೆಯನ್ನೇ ಮುಗಿಸಿಬಿಡುವುದು.

ನಿಮ್ಮಜ್ಜ ಬೇಡವೆಂದರು. "ಲೇ, ಅದು ನಗೋ ಸಿನಿಮಾ ಅಂತೆ. ಖಾಸಿಂ ಸಾಬ್ರು ಹೇಳ್ತಿದ್ರು."

"ಸೋತ ದೇಶದವರನ್ನ ನಗಿಸಿಕೊಂಡು ಇಟ್ಟಿದ್ರು ಅಂದ್ರ ಒಳ್ಳೇದೇ ಅಲ್ಲೇನ್ರಿ" ಎಂದೆ.

ಅವರು ಟವೆಲು ಕೊಡವಿಕೊಂಡು ಹೊರಗೆ ಹೋದರು. ಅದು ನಾನು ಅವರೊಂದಿಗೆ ಗೆದ್ದ ಮೊದಲ ವಾದ. ಸೋತಿದ್ದರೆ ಚೆನ್ನಾಗಿತ್ತು.

ಹರಿಹರಕ್ಕೆ ಕಾರ್ಡು ಬರೆದವಳೂ ನಾನೇ. ಕೊಟ್ರೇಶಿಯ ಸೈನ್ಯ ಜಪಾನಿನಲ್ಲಿ ಹೇಗಿತ್ತೆಂಬುದನ್ನು ತಾವು ಬಂದು ಸಿನಿಮಾದಲ್ಲಿ ನೋಡಬೇಕೆಂದು ಬರೆದೆ. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಖಾಲಿ ಬಿಡುವುದು ಸರಿಯಲ್ಲವೆಂದು, ಅವನೂ ಕಂಡರೂ ಕಾಣಬಹುದು ಎಂದು ಸೇರಿಸಿದೆ. ಆ ಒಂದು ಸಾಲು ಹರಿಹರದಲ್ಲಿ ಏನೇನಾಯಿತೋ! ಭಾನುವಾರ ಬೆಳಿಗ್ಗೆ ರೈಲಿನಿಂದ ಇಳಿದವರು ಹತ್ತೊಂಬತ್ತು ಜನ. ಹಾಲಮ್ಮನಿಗೆ ನಿಶ್ಚಯವಾಗಲಿರುವ ಗಂಡು ಇಂಗ್ಲಿಷ್ ಸಿನಿಮಾದಲ್ಲಿ ಬಂದಿದ್ದಾನೆ ಎಂದು ಓಣಿಯ ಓಣಿಯೇ ಹೊರಟು ಬಂದಿತ್ತು. ಹಾಲಮ್ಮನೂ ಬಂದಿದ್ದಳು. ಒಬ್ಬರು ಹಾರವನ್ನೇ ತಂದಿದ್ದರು.

ಕೊಟ್ರೇಶಿಗೆ ಸಂಗತಿ ಹೇಳಿದ್ದು ಆ ಬೆಳಿಗ್ಗೆಯೇ. ಅವನು ಚಾಪೆ ಹಾಸಿ ಮಲಗಿಬಿಟ್ಟ. ಹೊಟ್ಟೆನೋವು ಎಂದ. ಅತ್ತೆ ಓಮದ ಕಾಳು ತಿನ್ನಿಸಿ ಕರೆದುಕೊಂಡು ಬಂದರು.

ಗೇಟಿನಲ್ಲಿ ಖಾಸಿಂ ಸಾಬರು ನಮ್ಮ ದಂಡು ನೋಡಿ ಗಾಬರಿಯಾಗಿ "ಏನ್ ಅಕ್ಕಾರ, ದಿಬ್ಬಣ ತಂದೀರೇನು?" ಎಂದರು. ಒಳಗೆ ಹೆಂಗಸರ ಬೆಂಚು ಒಂದು ಕಡೆ, ಗಂಡಸರದು ಇನ್ನೊಂದು ಕಡೆ, ನಡುವೆ ಸೊಂಟದೆತ್ತರದ ಹಲಗೆ. ಅಜ್ಜ ಆ ಹಲಗೆಗೆ ಅಂಟಿಕೊಂಡೇ ಕೂತರು. ಅವರ ಪಕ್ಕದಲ್ಲಿ ಕೊಟ್ರೇಶಿ. ಹಲಗೆಯ ಈಚೆ ನಾನು, ನನ್ನ ಪಕ್ಕ ಅತ್ತೆ, ಅವರಾಚೆ ಹಾಲಮ್ಮ.

ಸಿನಿಮಾ ಶುರುವಾಯಿತು. ಬಂದೂಕಿಲ್ಲ, ತೋಪಿಲ್ಲ. ಒಬ್ಬ ದಪ್ಪ ಮನುಷ್ಯ, ಅವನಿಗೆ ಸದಾ ಬೈಯುವ ಒಬ್ಬ ಸಣಕಲ. ಅಜ್ಜ ಹಲಗೆಯ ಮೇಲಿಂದ ಬಾಗಿ ಕೇಳಿದರು.

"ತಾಯಿ, ಏನಂತಾರ? ಒಂದೀಟು ಜೋರಾಗಿ ಹೇಳ್ರಿ."

ಗಂಡಸರ ಎದುರು ನಾನು ಅಲ್ಲಿಯವರೆಗೆ ಜೋರಾಗಿ ಮಾತನಾಡಿದವಳಲ್ಲ. ಆದರೆ ಅತ್ತೆಯ ಒಪ್ಪತ್ತು ಕಣ್ಣ ಮುಂದೆ ಬಂತು. ಸೆರಗು ಬಿಗಿ ಮಾಡಿಕೊಂಡು ಹೇಳತೊಡಗಿದೆ. ನಮ್ಮ ಕಡೆ ದಪ್ಪಗಿದ್ದವರೇ ಯಜಮಾನರು, ಸಣಕಲರೇ ಆಳುಗಳು. ಅದೇ ನ್ಯಾಯದಂತೆ ದಪ್ಪ ಮನುಷ್ಯನನ್ನು ಕರ್ನಲ್ ಸಾಹೇಬರೆಂದೂ, ಸಣಕಲನನ್ನು ಅವರ ಸೇವಕನೆಂದೂ ಘೋಷಿಸಿದೆ. ಮುಂದಿನ ಕ್ಷಣವೇ ಸೇವಕ ಕರ್ನಲ್ ಸಾಹೇಬರ ಹಿಂಭಾಗಕ್ಕೆ ಒದ್ದ.

"ಕರ್ನಲ್‌ರು ಅವನ ತಾಳ್ಮೆ ಪರೀಕ್ಷೆ ಮಾಡಾಕತ್ಯಾರ್ರಿ" ಎಂದೆ.

ಆಮೇಲೆ ಕರ್ನಲ್ ಸಾಹೇಬರು ಒಂದು ಗುಡ್ಡದಷ್ಟು ಆಲೂಗಡ್ಡೆಯ ಮುಂದೆ ಕೂತು ಸಿಪ್ಪೆ ಸುಲಿಯತೊಡಗಿದರು. ಅಷ್ಟು ದೊಡ್ಡವರು ಇದೇಕೆ ಮಾಡುತ್ತಾರೆ ಎಂದು ಅಜ್ಜ ಕೇಳಿದರು. ಹರಕೆ ಇರಬೇಕು, ಉಕ್ಕಡಗಾತ್ರಿಯಲ್ಲಿ ದೊಡ್ಡ ದೊಡ್ಡವರೂ ದಾಸೋಹಕ್ಕೆ ತರಕಾರಿ ಹೆಚ್ಚುವುದಿಲ್ಲವೇ ಎಂದೆ. ಅಜ್ಜನಿಗೆ ಇದು ಒಪ್ಪಿಗೆಯಾಯಿತು. ಹಿಂದಿನ ಬೆಂಚಿನವರು ಮೊದಲು ನನ್ನನ್ನು ಗದರಿದರು. ಆಲೂಗಡ್ಡೆಯ ಹರಕೆ ಕೇಳಿದ ಮೇಲೆ ಗದರುವುದನ್ನು ಬಿಟ್ಟು "ಅಕ್ಕಾರ, ಮುಂದೇನ್ರಿ?" ಎಂದು ಕೇಳತೊಡಗಿದರು. ನನ್ನ ವಿವರಣೆ ಮೆಚ್ಚಿಗೆಯಾಗಿದೆ ಎಂದುಕೊಂಡು ಧ್ವನಿ ಇನ್ನೂ ಏರಿಸಿದೆ.

ಅತ್ತೆ ಇದಾವುದನ್ನೂ ಕೇಳುತ್ತಿರಲಿಲ್ಲ. ಅವರು ಮಗನನ್ನು ಹುಡುಕುತ್ತಿದ್ದರು. ಸೈನಿಕರ ಸಾಲೊಂದು ಬೆನ್ನು ಮಾಡಿ ನಡೆದಾಗ ಎದ್ದು ನಿಂತು "ಅಗೋ ನನ ಕೂಸು!" ಎಂದು ಬೆರಳು ತೋರಿಸಿದರು. ಹರಿಹರದ ಹತ್ತೊಂಬತ್ತು ಜನವೂ ಎದ್ದರು. ಹಾರ ತಂದವರು ಹಾರ ಹಿಡಿದು ಎದ್ದರು. ಬೆನ್ನಿನವನು ತಿರುಗಿದ. ಬಿಳಿ ಹುಬ್ಬಿನ ದೊರೆ!

ಅತ್ತೆ ಸೋಲಲಿಲ್ಲ. "ಅಲ್ಲಿ ಚಳಿ ಅಲ್ಲೇನು, ಬೆಳ್ಳಗಾಗ್ಯಾನ" ಎಂದು ಕೂತರು. ಕೊಟ್ರೇಶಿ ಅವರಿಂದ ಎರಡು ಮಾರು ದೂರದಲ್ಲಿ, ತನ್ನ ಎಂದಿನ ಬಣ್ಣದಲ್ಲೇ ಕೂತಿದ್ದ.

ಮುಂದಿನದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕರ್ನಲ್ ಸಾಹೇಬರು ಸೇವಕನಿಂದ ತಪ್ಪಿಸಿಕೊಂಡು ಓಡಿ, ಒಂದು ಮನೆಯ ಕಾಗದದ ಬಾಗಿಲು ಹರಿದು ಒಳಗೆ ಬಿದ್ದರು. ಬಿದ್ದದ್ದು ಬಿಸಿನೀರಿನ ದೊಡ್ಡ ತೊಟ್ಟಿಗೆ. ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಮೂವರು ಹೆಂಗಸರು! ನಮ್ಮ ಬೆಂಚಿನವರೆಲ್ಲ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಹಲಗೆಯ ಆಚೆ ಅಜ್ಜ ಕೆಮ್ಮಿದರು. ಆ ಕೆಮ್ಮಿನಲ್ಲಿ ಸಂಬಂಧ ಮುರಿಯುವ ಸದ್ದು ನನಗೆ ಕೇಳಿಸಿತು. "ತೀರ್ಥಸ್ನಾನ ರೀ" ಎಂದೆ ಗಾಬರಿಯಲ್ಲಿ. "ನಮ್ಮ ತುಂಗಭದ್ರೆ ಇದ್ದಂಗೆ."

"ನಮ್ಮ ಹೊಳ್ಯಾಗ ಗಂಡಸರ ಮೆಟ್ಲು ಬ್ಯಾರೆ ಐತವ್ವ" ಎಂದರು ಅಜ್ಜ.

ಟಾಕೀಸಿಗೆ ಟಾಕೀಸೇ ನಕ್ಕಿತು. ನಾನು ಓರೆಗಣ್ಣಿನಲ್ಲಿ ಹಾಲಮ್ಮನನ್ನು ನೋಡಿದೆ. ಅವಳೂ ಸೆರಗು ಮುಚ್ಚಿಕೊಂಡಿದ್ದಳು. ಸೆರಗಿನೊಳಗೆ ಭುಜ ಕುಣಿಯುತ್ತಿತ್ತು. ಹುಡುಗಿ ಅಳುತ್ತಿದ್ದಾಳೆ ಎಂದು ನನ್ನ ಎದೆ ಒಡೆಯಿತು.

ಶಿಕ್ಷೆಯೆಂದು ದಪ್ಪ ಮನುಷ್ಯನನ್ನು ಮತ್ತೆ ಅಡುಗೆಮನೆಗೆ ಹಾಕಿದರು. ಅವನು ಒಂದು ಹಂಡೆಗೆ ಇಡೀ ಚೀಲ ಅಕ್ಕಿ ಸುರಿದ. ಅಕ್ಕಿ ಉಬ್ಬಿತು. ಮುಚ್ಚಳ ಎದ್ದಿತು. ಅನ್ನ ಒಲೆಯ ಮೇಲೆ ಹರಿಯಿತು. ಅವನು ಗಾಬರಿಯಾಗಿ ಇನ್ನಷ್ಟು ಕಟ್ಟಿಗೆ ಹಾಕಿದ. ಆಗ ಅಲ್ಲಿಯವರೆಗೆ ಕಲ್ಲಾಗಿ ಕೂತಿದ್ದ ಕೊಟ್ರೇಶಿ ಥಟ್ಟನೆ ಎದ್ದು ನಿಂತ.

"ಉರಿ ತೆಗಿ! ಮೊದ್ಲು ಉರಿ ತೆಗಿಯೋ ಮಾರಾಯ! ಅಷ್ಟು ಅಕ್ಕಿಗೆ ಮೂರು ಹಂಡೆ ಬೇಕು!"

ಇಡೀ ಸಭೆ ಪರದೆ ಬಿಟ್ಟು ಅವನನ್ನು ನೋಡಿತು. ಪರದೆಯ ಮೇಲೆ ದಪ್ಪ ಮನುಷ್ಯ ಗೂಟದಿಂದ ಒಂದು ವಸ್ತು ತೆಗೆದುಕೊಂಡು, ಹರಿಯುವ ಅನ್ನವನ್ನು ಅದರಿಂದ ಬಾಚಿ ಬಾಚಿ ತಟ್ಟೆಗೆ ಹಾಕತೊಡಗಿದ. ಅಂಗೈ ಅಗಲದ ಚಪ್ಪಟೆ ಮರದ ಹಲಗೆ. ಅದಕ್ಕೊಂದು ಹಿಡಿ. ಮೇಲೆ ಕಪ್ಪು ಶಾಯಿಯಲ್ಲಿ ಬರಹ.

ಅಜ್ಜ ನಿಧಾನವಾಗಿ ನನ್ನ ಕಡೆ ತಿರುಗಿದರು. "ತಾಯಿ, ಅಲ್ಲಿ ಶೂರ ಅಂತ ಬರೆದೈತಲ್ಲ, ಅದರಾಗ ಅನ್ನ ಬಡಸ್ತಾರೇನು?"

ಅಷ್ಟರಲ್ಲಿ ಇಂಟರ್ವಲ್ ಆಯಿತು. ದೀಪ ಹತ್ತಿದವು. ಭೂಮಿ ಮಾತ್ರ ಬಾಯಿ ಬಿಡಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ನಿಂತೆವು. ಪಕ್ಕದಲ್ಲಿ ಮಂಡಕ್ಕಿ ಮಿರ್ಚಿಯ ಗಾಡಿ. ನಿಮ್ಮಜ್ಜ ಎಲ್ಲರಿಗೂ ಪೊಟ್ಟಣ ಕೊಡಿಸಿದರು, ಮಾತಿಗೆ ಬದಲಾಗಿ. ಹಾರ ತಂದವರು ಹಾರವನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು. ಅಜ್ಜ ಕೊಟ್ರೇಶಿಯನ್ನು ಎದುರಿಗೆ ಕರೆದರು.

"ತಮ್ಮಾ, ಈಗರೆ ಹೇಳು. ಅಲ್ಲಿ ಏನ್ ಮಾಡ್ತಿದ್ದೆ?"

ಕೊಟ್ರೇಶಿ ನೆಲ ನೋಡಿದ. ಆಮೇಲೆ, ನಾನು ಕಂಡಂತೆ ಮೊದಲ ಸಲ, ತಲೆ ಎತ್ತಿದ.

"ಅಡಿಗಿ ಮಾಡ್ತಿದ್ದೆ ಅಜ್ಜಾರ. ಕೋವಿ ಫೋಟೋಕ್ಕಂತ ಇಸ್ಕೊಂಡಿದ್ದು."

ಅತ್ತೆ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ಮಗನ ಹತ್ತಿರ ಬಂದು ನಿಂತರು.

"ಡೊಳ್ಳು ಬಾರಿಸಿ ಕಳಿಸಿದ್ರು. ಸೌಟು ಹಿಡ್ಕೊಂಡು ಬಂದೆ ಅಂತ ಹೆಂಗೆ ಹೇಳ್ಲಿ? ನಮ್ಮ ಕಡೇರು ಹನ್ನೆರಡು ಮಂದಿ ಇದ್ವಿ, ಮಾಂಸ ಮುಟ್ಟದೋರು. ಅವರ ಒಲಿ ಬ್ಯಾರೆ. ಆ ಒಲಿ ನಂದು. ಬ್ಯಾರೆ ಸೌಟು ಅದಕ್ಕ ಬಿದ್ದಿಲ್ಲ, ಕೊರಳಾಗಿನ ಲಿಂಗ ಒಂದಿನಾನೂ ತೆಗ್ದಿಲ್ಲ."

"ಮತ್ತೆ ಆ ಹಲಗಿ?"

"ಸರ್ಕಾರ ಕೊಟ್ಟಿದ್ದಲ್ರಿ. ಒಬ್ಬಾಕಿ ಮುದುಕಿ ಹಿತ್ತಲ ಬಾಗಿಲಿಗೆ ಬರ್ತಿದ್ಲು. ಆ ಊರಾಗ ತಿನ್ನಾಕ ಏನೂ ಇರ್ಲಿಲ್ಲ. ತಳ ಹತ್ತಿದ ಅನ್ನ ದಿನಾ ಕೊಡ್ತಿದ್ದೆ. ಹೊರಡೋ ದಿನ ಅದನ್ನ ತಂದು ಕೈಯಾಗಿಟ್ಲು. ಏನ್ ಬರೆದಾರೋ ನಂಗೊತ್ತಿಲ್ಲ. ಅತ್ತಿಗೇರಿಗೆ ಗೊತ್ತು."

ಈ ಕೊನೆಯ ಮಾತಿಗೆ ಎಲ್ಲರೂ ನನ್ನನ್ನು ನೋಡಿದರು. ನಾನು ಬೇವಿನ ಮರವನ್ನು ನೋಡಿದೆ.

ಅಜ್ಜ ಪೊಟ್ಟಣದ ಮಂಡಕ್ಕಿ ಮುಗಿಸಿ ಕೈ ಒರೆಸಿಕೊಂಡರು. ನಾಲ್ಕು ಮನೆಯವರು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ವರ್ಷ ನಮ್ಮ ಗೋಡೆಯ ಮೇಲೇ ತೂಗಾಡುತ್ತಿತ್ತು. ನಾವು ಅದಕ್ಕೆ ವಿಭೂತಿ ಹಚ್ಚಿ ಮುಚ್ಚಿಟ್ಟಿದ್ದೆವು. ಕೊನೆಗೆ ಅಜ್ಜ ಹೇಳಿದರು.

"ಹಸಿದೋರು ಕೊಟ್ಟಿದ್ದು ಅಂದ್ರ ಬಹುಮಾನಾನೇ ಆತು. ನಡೀರಿ, ಉಳಿದರ್ಧ ನೋಡಾಣ." ಎರಡು ಹೆಜ್ಜೆ ಹೋಗಿ ನಿಂತರು. "ಆದ್ರೆ ಒಂದು ಕರಾರು. ಆ ತಾಯಿ ಸುಮ್ಮನೆ ಕೂಡ್ರಬೇಕು."

ಇಂಟರ್ವಲ್ಲಿನ ನಂತರ ನಾನು ಬಾಯಿ ತೆರೆಯಲಿಲ್ಲ. ಹಿಂದಿನ ಬೆಂಚಿನವರು ಮಾತ್ರ ದುಡ್ಡು ದಂಡವಾಯಿತು ಎಂದು ಗೊಣಗಿದರು. ಹಾರ ಕೊಟ್ರೇಶಿಯ ಕೊರಳಿಗೇ ಬಿತ್ತು. ಆ ರಾತ್ರಿ ಅತ್ತೆ ನಮ್ಮ ಜೊತೆ ಕೂತು ಉಣ್ಣಲಿಲ್ಲ, ಹರಕೆ ಮದುವೆಯವರೆಗೆ ಇತ್ತಲ್ಲ. ಆದರೆ ಹಲಗೆಯನ್ನು ಗೋಡೆಯಿಂದ ಇಳಿಸಿ, ತೊಳೆದು, ಅದರಲ್ಲೇ ನಮಗೆ ಅನ್ನ ಬಡಿಸಿದರು. ಮದುವೆಯ ದಿನ ಕೊಟ್ರೇಶಿ ಅದರಿಂದಲೇ ಅವ್ವನ ಎಲೆಗೆ ಎರಡನೇ ಹೊತ್ತಿನ ಅನ್ನ ಹಾಕಿದ. ಅತ್ತೆ ಕಣ್ಣೊರೆಸಿಕೊಂಡು ಉಂಡರು, ಸ್ವಲ್ಪ ನೀರು ಹೆಚ್ಚಾಗಿದೆ ಎಂದು ಹೇಳುವುದನ್ನೂ ಮರೆಯಲಿಲ್ಲ.

ಬಹಳ ವರ್ಷಗಳವರೆಗೆ ನನಗೊಂದು ಸಮಾಧಾನವಿತ್ತು. ಏನೇ ಆಗಲಿ, ನನ್ನ ಉಪಾಯದಿಂದಲೇ ಕೊಟ್ರೇಶಿಯ ನಿಜ ಹೊರಬಂತು, ಅವನ ಅಡುಗೆಯ ಮಾತು ಕೇಳಿಯೇ ಹಾಲಮ್ಮ ಒಪ್ಪಿದಳು ಎಂದು. ಒಂದು ದಿನ ಇಬ್ಬರೂ ರೊಟ್ಟಿ ಮಾಡುವಾಗ ಅವಳಿಗೆ ಹಾಗೇ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿ ನಕ್ಕಳು.

"ಇಲ್ಲ ಅಕ್ಕಾ. ಅವರು ಬಾಯಿ ಬಿಡೋಕಿಂತ ಮೊದ್ಲೇ ನಾ ಒಪ್ಪಿದ್ದೆ. ನಿಮ್ಮನ್ನ ನೋಡಿ."

ನನಗೆ ಹೆಮ್ಮೆಯಾಯಿತು. "ನನ್ನ ಇಂಗ್ಲಿಷ್ ನೋಡೇನು?"

"ಅದನ್ನೇ. ಅಷ್ಟು ಮಂದಿ ಮುಂದೆ ಅಷ್ಟು ತಪ್ಪು ಹೇಳಿ ಹೊರಗೆ ಬಂದ್ರಿ. ಅತ್ತೆ ಬೈತಾರ ಅಂತ ನೋಡಾಕತ್ತಿದ್ದೆ. ಅವರು ತಮ್ಮ ಪಾಲಿನ ಮಿರ್ಚಿ ನಿಮ್ಮ ಕೈಗಿಟ್ಟು, ಕೂಗಿ ಕೂಗಿ ಬಾಯಿ ಒಣಗಿರ್ತೈತೆ ತಿನ್ನು ಅಂದ್ರು. ಆಗ್ಲೇ ಅನ್ಕೊಂಡೆ, ಈ ಮನ್ಯಾಗ ನಾನು ಏನ್ ತಪ್ಪು ಮಾಡಿದ್ರೂ ನಡೀತೈತೆ. ತಪ್ಪು ಮಾಡೋದ್ರಾಗ ನಂದು ಎಷ್ಟಂದ್ರೂ ಎರಡನೇ ನಂಬರೇ."

ನಾನು ಅವಳ ಕಡೆ ತಿರುಗಿ, ಆ ದಿನದ ತಪ್ಪುಗಳನ್ನು ಬೆರಳಲ್ಲಿ ಎಣಿಸತೊಡಗಿದೆ. ಅಷ್ಟರಲ್ಲಿ ಹೆಂಚಿನ ಮೇಲಿದ್ದ ನನ್ನ ರೊಟ್ಟಿ ಸೀದು ಹೊಗೆಯೆದ್ದಿತು. ಒಂದನೇ ನಂಬರನ್ನು ಇಂದಿಗೂ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.